ರೆಸಿಡೆನ್ಸಿಗೆ ಬಂದ ಬೀಗರು

ಇವತ್ತು ಬೆಳಿಗ್ಗೆ ನಮ್ಮ ಗಲ್ಲಿಯಲ್ಲಿ ಕರೆಂಟ್ ಹೋಯಿತು. ಬೆಳಗಾವಿಯ ಶಹಾಪುರದಲ್ಲಿ ಹಗಲು ಹೊತ್ತು ಕರೆಂಟ್ ಹೋದರೆ ಅದು ಮೊದಲು ಗೊತ್ತಾಗುವುದು ಕಿವಿಗೆ. ಕೆಳಗಿನ ಮನೆಯ ಮಗ್ಗ, ಎದುರು ಮನೆಯ ಮಗ್ಗ, ಹಿಂದಿನ ಓಣಿಯ ಎಷ್ಟೋ ಮಗ್ಗಗಳು ಒಂದೇ ಏಟಿಗೆ ನಿಂತುಬಿಟ್ಟವು. ಆ ಖಟಖಟದಲ್ಲೇ ಮಗ್ಗಿ ಬಾಯಿಪಾಠ ಮಾಡಿದವಳು ನಾನು. ಅದು ನಿಂತ ಕೂಡಲೇ ಅರ್ಧ ಬರೆದ ವಾಕ್ಯವೂ ನಿಂತಿತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇತ್ತು, ತಲೆಯಲ್ಲಿ ಇರಲಿಲ್ಲ.

ಬರೆಯುವುದಕ್ಕೆ ಮೌನವೇ ಅಲ್ಲವೇ ಬೇಕಾದದ್ದು ಎಂದು ನೀವು ಕೇಳಬಹುದು. ನಾನು ಒಪ್ಪುವುದಿಲ್ಲ. ಆದರೆ ಒಪ್ಪುವವರು ಬಹಳ ಮಂದಿ ಇದ್ದಾರೆ. ಅವರಲ್ಲಿ ದುಡ್ಡಿದ್ದವರು ಊರಾಚೆ ಎಲ್ಲೋ ಒಂದು ಜಾಗ ಹಿಡಿದು, ಚಿತ್ರ ಬರೆಯುವವರನ್ನೂ ಇತಿಹಾಸ, ಭಾಷೆ, ತತ್ತ್ವ ಓದಿದವರನ್ನೂ ಕರೆದು, ಕೋಣೆ ಕೊಟ್ಟು, ಊಟ ಹಾಕಿ, "ಇನ್ನು ನೀವುಂಟು, ನಿಮ್ಮ ಯೋಚನೆಯುಂಟು" ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಾರೆ. ಇದಕ್ಕೆ ಫೆಲೋಶಿಪ್ ಎಂದು ಹೆಸರು. ಖಾನಾಪುರದಾಚೆ ಅಂಥದೊಂದು ಜಾಗದಲ್ಲಿ ಕೆಲವು ವರ್ಷಗಳ ಹಿಂದೆ ನಾನೂ ಒಂದು ಬೇಸಿಗೆ ಕಳೆದೆ.

ಆಯ್ಕೆಯ ಸಂದರ್ಶನದಲ್ಲಿ, "ಈ ವಾಸ ನಿಮಗೆ ಯಾಕೆ ಬೇಕು?" ಎಂದು ಕೇಳಿದ್ದರು. "ಬೇಡ ಅನ್ನಿಸುತ್ತದೆ. ಯೋಚನೆಗೆ ಹಾಸಿಗೆ, ಊಟದ ವ್ಯವಸ್ಥೆ ಯಾಕೆ? ಬೇಕಾದರೆ ನನ್ನನ್ನು ಇರಿಸಿಕೊಂಡು ನೋಡಿ" ಎಂದೆ. ಇರಿಸಿಕೊಂಡರು. ಎಲ್ಲ ಸಂಸ್ಥೆಗಳಲ್ಲೂ ಎದುರು ಮಾತಾಡುವವರಿಗೆ ಒಂದು ಸೀಟು ಮೀಸಲಿರುತ್ತದೆ ಎಂಬುದು ನನ್ನ ಅನುಮಾನ.

ಖಾಸಬಾಗದಲ್ಲಿರುವ ನಮ್ಮ ಕಾಕುಗೆ, ಅಂದರೆ ಚಿಕ್ಕಮ್ಮನಿಗೆ, ಸುದ್ದಿ ಹೇಳಲು ಹೋದೆ. ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು.

"ರೆಸಿಡೆನ್ಸಿ ಅಂದ್ರ ಲಾಡ್ಜ್ ಅಲಾ? ಬಸ್ ಸ್ಟ್ಯಾಂಡ ಬಾಜುಕ ಸಾಲು ಹಿಡದು ಅದಾವು. ಲಾಡ್ಜಿನ್ಯಾಗ ಕುಂತು ಏನ ಮಾಡ್ತಿ?"

"ವಿಚಾರ ಮಾಡ್ತೀನಿ, ಕಾಕು."

"ಅದಕ್ಕ ಖಾನಾಪುರತನಾ ಹೋಗಬೇಕಾ? ನಮ್ಮ ಅಟ್ಟದ ಮ್ಯಾಲ ಮಾಡು. ರೊಟ್ಟಿ ನಾ ಕೊಡ್ತೀನಿ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಂಥೆಂಥವರನ್ನೋ ಕೂರಿಸಿದವಳು ನಾನು. ಕಾಕುವಿನ ಮಾತಿನಲ್ಲಿ ಒಂದು ತೂತು ಸಿಗಲಿಲ್ಲ. ಸುಮ್ಮನೆ ಬ್ಯಾಗು ತುಂಬಿಕೊಂಡೆ.

ಜಾಗ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯಲಾರೆ. ಹಳೆಯ ಹಂಚಿನ ಕಾರ್ಖಾನೆ. ಹಂಚು ಸುಡುವ ಭಟ್ಟಿ ಇದ್ದ ಕಡೆ ದೊಡ್ಡ ಹಾಲ್. ಮೇಸ್ತ್ರಿಗಳ ಸಾಲುಮನೆಗಳೇ ನಮ್ಮ ಕೋಣೆಗಳು. ರಸ್ತೆಗೆ ಮುಖಮಾಡಿ "ಕಲಾ ರೆಸಿಡೆನ್ಸಿ" ಎಂಬ ಬೋರ್ಡು. ಸಂಜೆಯವರೆಗೆ ಯಾರೂ ಯಾರೊಂದಿಗೂ ಮಾತಾಡಬಾರದೆಂಬ ನಿಯಮ. ಆಗ ಇದ್ದವರು ನಾವು ಮೂವರೇ. ಕಾರವಾರ ಕಡೆಯ ಒಬ್ಬ ಚಿತ್ರಕಲಾವಿದೆ, ಮೈಸೂರು ಕಡೆಯ ಇತಿಹಾಸದ ಪ್ರಾಧ್ಯಾಪಕರು, ನಾವು ಬರೀ ಸರ್ ಎನ್ನುತ್ತಿದ್ದೆವು, ಮತ್ತೆ ನಾನು. ಘಟ್ಟ ಇಳಿದು ಗೋವೆಗೆ ಹೋಗುತ್ತಿದ್ದ ಎತ್ತುಗಳ ದಾರಿ, ಆ ದಾರಿಯಲ್ಲಿ ಜನ ತಂಗುತ್ತಿದ್ದ ಜಾಗಗಳು, ಇವುಗಳ ಮೇಲೆ ಸರ್ ಪುಸ್ತಕ ಬರೆಯುತ್ತಿದ್ದರು. ತಮ್ಮ ಕೋಣೆಯ ಚಿಲಕವನ್ನು ಮಲಗಿದ ಮಗುವಿನ ಕೈ ಹಿಡಿದಂತೆ ಹಿಡಿದು ಸರಿಸುವವರು.

ನನ್ನ ವಿಷಯ ಜಗಳ. ಎರಡು ಭಾಷೆ ಒಟ್ಟೊಟ್ಟಿಗೆ ಆಡುವ ಖಾನಾಪುರದ ಜನ ಜಗಳಕ್ಕೆ ನಿಂತಾಗ ಯಾವ ಭಾಷೆ ಹಿಡಿಯುತ್ತಾರೆ, ರಾಜಿಗೆ ಬಂದಾಗ ಯಾವುದಕ್ಕೆ ಬರುತ್ತಾರೆ ಎಂದು ನೋಡಬೇಕಿತ್ತು. ಅದಕ್ಕಾಗಿ ನನ್ನನ್ನು ಯಾರೂ ಜಗಳವಾಡದ ಮನೆಯಲ್ಲಿ ಇರಿಸಿದ್ದರು. ಮೊದಲ ತಿಂಗಳು ನಾನು ಬರೆದದ್ದು ಶೀರ್ಷಿಕೆ ಮಾತ್ರ.

ಮದುವೆಗಳ ದಿನಗಳು. ಒಂದು ದಿನ ಸಂಜೆಯ ಮುಂದೆ ಬಿಳಿ ಟೆಂಪೋ ಒಂದು ಗೇಟಿನೊಳಗೆ ಬಂದು ನಿಂತಿತು. ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಟ್ರಂಕು, ಗಂಟು, ಹಾಸಿಗೆಯ ಸುರುಳಿ, ಕಂಬಳಿ ಸುತ್ತಿದ ಎರಡು ಡೊಳ್ಳು. ಕೊನೆಗೆ ಅರಿಶಿನ ಹಚ್ಚಿದ ಮದುಮಗ, ಕೈಯಲ್ಲಿ ಮೊಬೈಲ್ ಚಾರ್ಜರ್ ಹಿಡಿದು.

ಮ್ಯಾನೇಜರ್ ಕಲ್ಲಪ್ಪಣ್ಣ ಅಡುಗೆಮನೆಯಿಂದ ಓಡಿ ಬಂದ. "ಯಾರ ಬೇಕಾಗಿತ್ರಿ?"

"ಯಾರೂ ಬ್ಯಾಡ, ರೂಮ್ ತೋರಸ್ರಿ," ಎಂದಳು ಮುಂದೆ ನಿಂತಿದ್ದ ಹೆಂಗಸು. ಎತ್ತರದ ಆಳು, ಹಣೆಯ ಮೇಲೆ ದೊಡ್ಡ ಕುಂಕುಮ. ನಿಂಗವ್ವಾಯಿ, ಮದುಮಗನ ದೊಡ್ಡವ್ವ. ಬೈಲಹೊಂಗಲ ಕಡೆಯಿಂದ ಬಂದ ಆ ದಿಬ್ಬಣದ ಯಜಮಾನಿ ಅವಳೇ ಎಂಬುದು ಯಾರೂ ಹೇಳದೆ ತಿಳಿಯುವಂತಿತ್ತು. "ಜಾನವಸಾ ಇಲ್ಲೇ ಅಂತ ಹೇಳ್ಯಾರ."

ಗಂಡಿನ ಕಡೆಯವರಿಗೆ ಹೆಣ್ಣಿನವರು ಮದುವೆಯ ಮುನ್ನಾದಿನ ಮಾಡಿಕೊಡುವ ಬಿಡಾರಕ್ಕೆ ನಮ್ಮಲ್ಲಿ ಜಾನವಸ ಎನ್ನುತ್ತಾರೆ. ಅದು ಹೇಗಿದೆ ಎಂಬುದರ ಮೇಲೆ ಬೀಗರ ಮರ್ಯಾದೆ ನಿಂತಿರುತ್ತದೆ. ಅಷ್ಟರಲ್ಲಿ ಬೈಕಿನ ಮೇಲೆ ಹೆಣ್ಣಿನ ಸೋದರಮಾವ ಯಲ್ಲಪ್ಪ ಹೆಂಡತಿಯೊಂದಿಗೆ ಬಂದಿಳಿದ. ವಿಷಯ ಆಮೇಲೆ ಬಿಚ್ಚಿಕೊಂಡಿತು. ಎಂದೋ ಬಸ್ಸಿನಿಂದ ನಮ್ಮ ಬೋರ್ಡು ನೋಡಿ, ಹೊಸ ಲಾಡ್ಜು ಆಗಿದೆ ಎಂದುಕೊಂಡು, ಬೀಗರಿಗೆ ಆಗಲೇ ಮಾತು ಕೊಟ್ಟುಬಿಟ್ಟಿದ್ದ. ಬಂದು ರೂಮು ಹಿಡಿಯುವುದು ಮದುವೆಯ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಖಾನಾಪುರದ ಖರೇ ಲಾಡ್ಜುಗಳೆಲ್ಲ ಬೇರೆ ಮದುವೆಗಳಿಂದ ತುಂಬಿದ್ದವು.

"ಸ್ವಲ್ಪ ತಡೀರಿ ಬೀಗ್ರ, ಎಲ್ಲಾ ಆಗ್ತೈತಿ," ಎಂದು ಯಲ್ಲಪ್ಪ ಕನ್ನಡದಲ್ಲಿ ಕೈಮುಗಿಯುತ್ತಿದ್ದ. ಅವನ ಬೆನ್ನಿಗೆ ಹೆಂಡತಿ ಸಣ್ಣ ದನಿಯಲ್ಲಿ, "ತುಮ್ಹಾಲಾ ಕಿತೀ ವೇಳಾ ಸಾಂಗಿತಲಂ," ಎಷ್ಟು ಸಲ ಹೇಳಿದ್ದೆ ಎಂದು ಮರಾಠಿಯಲ್ಲಿ ತಿವಿಯುತ್ತಿದ್ದಳು. ಬೀಗರ ಮುಂದೆ ಕನ್ನಡ, ಗಂಡನ ಕಿವಿಗೆ ಮರಾಠಿ. ನನ್ನ ಸಂಶೋಧನೆ ತಾನಾಗಿ ಅಂಗಳಕ್ಕೆ ನಡೆದು ಬಂದಿತ್ತು. ಆದರೆ ನಿಂಗವ್ವಾಯಿಯ ಮುಖ ನೋಡಿದರೆ ಟಿಪ್ಪಣಿ ಮಾಡಿಕೊಳ್ಳುವ ಧೈರ್ಯವಾಗಲಿಲ್ಲ. ಇಳಿದುಕೊಳ್ಳಲು ಜಾಗವಿಲ್ಲ ಎಂದು ದಿಬ್ಬಣ ಹೊರಳಿದರೆ, ನಾಳಿನ ಅಕ್ಷತೆ ಬೀಳುವುದಿಲ್ಲ.

ಕಲ್ಲಪ್ಪಣ್ಣ ತಲೆ ಕೆರೆದುಕೊಂಡ. "ಹೊರಗಿನವರ ಇಲ್ಲಿ ಇರಬೇಕಂದ್ರ ಇದ್ದ ಮೂರೂ ಮಂದಿ ಹೂಂ ಅನಬೇಕ್ರಿ. ಒಬ್ಬರ ಬ್ಯಾಡ ಅಂದ್ರೂ ಇಲ್ಲ."

ಚಿತ್ರಕಲಾವಿದೆ ಕೇಳುವ ಮೊದಲೇ ಹೂಂ ಎಂದಳು. ಅವಳು ಆಗಲೇ ಟ್ರಂಕಿನ ಮೇಲೆ ಕುಳಿತ ಮುದುಕಿಯೊಬ್ಬಳ ಚಿತ್ರ ಶುರುಮಾಡಿದ್ದಳು. ನಾನೂ ಹೂಂ ಎಂದೆ. ಸರ್ ಬಾಗಿಲಲ್ಲಿ ನಿಂತು ಕನ್ನಡಕ ಹಣೆಗೇರಿಸಿದರು.

"ನಾನು ಒಪ್ಪಲ್ಲ. ದಯವಿಟ್ಟು ತಪ್ಪು ತಿಳ್ಕೋಬೇಡಿ."

ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಹೇಳುತ್ತದೆ. ನಾವು ಅದರಂತೆ ಗಂಟಲು ಹರಿದುಕೊಳ್ಳುತ್ತೇವೆ. ಚೀಟಿ ಎತ್ತದೆ ನಾನು ಒಂದು ಪಕ್ಷಕ್ಕೆ ನಿಂತದ್ದು ಅದೇ ಮೊದಲು.

"ಸರ್, ನಮಗೆ ಕೊಟ್ಟಿರೋದು ಕೋಣೆ, ಇಡೀ ಕಾರ್ಖಾನೆಯಲ್ಲ. ಭಟ್ಟಿಯ ಹಾಲ್ ಖಾಲಿ ಇದೆ."

"ಕೋಣೆ ನಮ್ಮನೇಲೂ ಇದೆಯಮ್ಮ. ಅದರ ಸುತ್ತ ಮೌನ ಇರಲಿಲ್ಲ."

"ಒಂದೇ ರಾತ್ರಿ, ಸರ್."

"ಒಂದೇ ರಾತ್ರಿ, ಒಂದೇ ರಾತ್ರಿ ಅಂತಲೇ ಆಯುಷ್ಯ ಕೊಟ್ಟಾಯ್ತು. ನೆಂಟರು ಬಂದ್ರೆ ಒಂದು ರಾತ್ರಿ, ಉತ್ತರಪತ್ರಿಕೆ ಬಂದ್ರೆ ಒಂದು ರಾತ್ರಿ. ಈಗ ಕೊನೇ ಅಧ್ಯಾಯ ಬರ್ತಾ ಇದೆ. ಇದನ್ನ ಒಮ್ಮೆ ಬಿಟ್ಟರೆ ಮತ್ತೆ ಬರಲ್ಲ."

ದಿಬ್ಬಣದವರು ಗಂಟುಗಳ ಮೇಲೆ ಕುಳಿತು, ಅವರು ಮಾತಾಡಿದಾಗ ಅವರ ಕಡೆ, ನಾನು ಮಾತಾಡಿದಾಗ ನನ್ನ ಕಡೆ ಕತ್ತು ತಿರುಗಿಸುತ್ತಿದ್ದರು. "ಹುಡಿಗಿ ಚಲೋ ಹಿಡದಾಳ," ಎಂದಿತು ಒಂದು ದನಿ. "ಸರನೂ ಬಿಡೂ ಪೈಕಿ ಅಲ್ಲ," ಎಂದಿತು ಇನ್ನೊಂದು. ಅಷ್ಟು ಗಮನವಿಟ್ಟು ಕೇಳಿದ ಸಭೆ ನನಗೆ ಯಾವ ಕಾಲೇಜಿನಲ್ಲೂ ಸಿಕ್ಕಿಲ್ಲ. ಉಬ್ಬಿ ಹೋಗಿ ಬತ್ತಳಿಕೆಯ ಕೊನೆಯ ಬಾಣ ತೆಗೆದೆ.

"ದಾರಿಯ ಜನ ಎಲ್ಲಿ ತಂಗುತ್ತಿದ್ದರು ಅಂತ ನೀವು ಪುಸ್ತಕ ಬರೀತಿದ್ದೀರಿ. ತಂಗುವವರೇ ಬಾಗಿಲಿಗೆ ಬಂದು ನಿಂತಿದ್ದಾರೆ. ಈಗ ಜಾಗ ಇಲ್ಲ ಅಂತೀರಾ?"

ಸರ್ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. ಆಮೇಲೆ ಮೆಲ್ಲಗೆ, "ಅವರ ಬಗ್ಗೆ ಬರೀಬೇಕು ಅಂದ್ರೆ ಯಾರೋ ಒಬ್ಬರು ಬಾಗಿಲು ಹಾಕ್ಕೋಬೇಕಲ್ಲಮ್ಮ," ಎಂದರು.

ಕತ್ತುಗಳೆಲ್ಲ ನನ್ನ ಕಡೆ ತಿರುಗಿದವು.

ನಿಂಗವ್ವಾಯಿ ಎದ್ದು ಸೀರೆ ಕೊಡವಿಕೊಂಡಳು. "ತಂಗಿ, ನೀ ಸೋತಿ."

"ದೊಡ್ಡವ್ವಾ, ನಾ ನಿಮ್ಮ ಕಡಿ ಮಾತಾಡಾಕತ್ತೇನಿ."

"ನಮ್ಮ ಕಡಿ ಮಾತಾಡಿದ್ರೂ ಸೋಲು ಸೋಲ. ಸರರ ಮಾತ ಖರೇ ಐತಿ. ಅವರ ಕೆಲಸ ಅವರಿಗೆ ದೊಡ್ಡದು." ಡ್ರೈವರನ ಕಡೆ ಹೊರಳಿದಳು. "ಟೆಂಪೋ ತಿರುಗಸೋ."

ಯಲ್ಲಪ್ಪ ನೆಲಕ್ಕೆ ಕುಸಿದು ಕುಳಿತ. ಈ ಸಲ ಅವನ ಹೆಂಡತಿ ಯಾವ ಭಾಷೆಯಲ್ಲೂ ಏನೂ ಅನ್ನಲಿಲ್ಲ. ಕುಳಿತವರೆಲ್ಲ ಎದ್ದು ಟ್ರಂಕು ಎತ್ತತೊಡಗಿದರು. ಕಾಲೇಜಿನಲ್ಲಿ ಗೆದ್ದವರಿಗೆ ಕಪ್ಪು ಕೊಟ್ಟು ಫೋಟೋ ತೆಗೆಯುತ್ತಾರೆ. ಇಲ್ಲಿ ಗೆದ್ದವರ ಮುಖವನ್ನು ನೀವು ನೋಡಬೇಕಿತ್ತು.

"ನಿಲ್ಲಿ, ನಿಲ್ಲಿ. ಎಲ್ಲಿಗೆ ಹೊರಟಿರಿ?" ಎಂದರು ಸರ್.

"ನಮ್ಮೂರಿಗೆ."

"ಇಷ್ಟಕ್ಕೇ ಮದುವೆ ಬಿಟ್ಟು ಹೋಗ್ತೀರಾ?"

"ನೀವ ಅಂದ್ರೆಲ್ಲಾ ಸರ, ಒಮ್ಮಿ ಬಿಟ್ರ ಮತ್ತ ಬರಾಂಗಿಲ್ಲ ಅಂತ. ಮರ್ಯಾದಿನೂ ಹಂಗ."

ಸರ್ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಅಂಗಳಕ್ಕೆ ಇಳಿದರು. "ನಾನು ಬರೆಯೋದು ನಸುಕಿನಲ್ಲಿ. ಸೂರ್ಯ ಹುಟ್ಟಿ ಬಿಸಿಲು ಗೋಡೆಗೆ ಬೀಳೋವರೆಗೆ. ಅಷ್ಟು ಹೊತ್ತು ಸದ್ದು ಮಾಡಲ್ಲ ಅಂದ್ರೆ ಇರಿ."

"ನಸಿಕಿನ್ಯಾಗ ನಮಗ ತಂಬಿಗಿಗೋಳಿಗೆ ನೂಲ ಹಾಕಿ ಸುರಿಗಿ ಸುತ್ತಿ, ಹಾಡಿ, ಮದಿಮಗಗ ನೀರ ಎರಿಯೂದೈತ್ರಿ."

"ಸದ್ದಿಲ್ಲದೆ ಎರೆಯೋಕೆ ಆಗಲ್ವಾ?"

ನಿಂಗವ್ವಾಯಿ ಸರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹುಟ್ಟಿದಾಗಿಂದ ಇಂಥಾ ಕರಾರ ಕೇಳಿಲ್ಲ. ಆತು, ಎರೀತೇವಿ. ನೀವು ಬರೀರಿ."

ಭಟ್ಟಿಯ ಹಾಲ್‌ನಲ್ಲಿ ಹಾಸಿಗೆಗಳು ಬಿಚ್ಚಿಕೊಂಡವು. ಯಲ್ಲಪ್ಪ ಎದ್ದು ಮನೆಯಿಂದ ಅನ್ನ ಸಾರು ಹೊತ್ತು ತಂದ. ತಂದಷ್ಟೂ ಸಲ ಎಲ್ಲರಿಗೂ ಕೈಮುಗಿದ, ಒಮ್ಮೆ ಗಲಿಬಿಲಿಯಲ್ಲಿ ನನಗೂ ಮುಗಿದ.

ಮರುದಿನ ನಸುಕಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಒಂದು ಟೆಂಪೋ ಜನ ತುದಿಗಾಲಲ್ಲಿ ಓಡಾಡುತ್ತಿದ್ದರು. ಹೆಂಗಸರು ಬಳೆಗಳನ್ನು ಮೇಲಕ್ಕೆ ಸರಿಸಿ ಸೆರಗಿನ ಚುಂಗಿನಿಂದ ಕಟ್ಟಿದ್ದರು. ತಂಬಿಗೆ ಹಂಡೆಗೆ ತಾಗದಂತೆ ಒಬ್ಬಳು ಅಡ್ಡ ಕೈ ಹಿಡಿದಿದ್ದಳು. ಹಾಡಬೇಕಾದ ಮುದುಕಿಯರು ತುಟಿ ಮಾತ್ರ ಆಡಿಸುತ್ತ ಹಾಡಿದರು. ತಣ್ಣೀರು ತಲೆಗೆ ಬಿದ್ದಾಗ ಮದುಮಗ ಬಾಯಿ ತೆರೆದ. ಅವನ ಸೋದರಮಾವ ಅದನ್ನು ಅಂಗೈಯಿಂದ ಮುಚ್ಚಿದ. ನಗು ತಡೆಯಲಾರದೆ ಇಬ್ಬರು ಹೆಣ್ಣುಮಕ್ಕಳು ಗೋಡೆಯ ಹಿಂದೆ ಓಡಿದರು.

ನಡುನಡುವೆ ಯಾರಾದರೂ ಸರ್ ಕಿಟಕಿಯ ಕಡೆ ಬೆರಳು ತೋರಿಸಿ, "ಬರ್ಯಾಕತ್ತಾರೇನ?" ಎಂದು ಪಿಸುಗುಡುತ್ತಿದ್ದರು. "ದೀಪ ಐತಿ." "ಪೆನ್ನ ಅಳ್ಳಾಡಾಕತ್ತೈತೇನ ನೋಡು."

ಬಾಗಿಲು ಧಡಾರನೆ ತೆರೆಯಿತು. ಆ ಚಿಲಕ ಅಷ್ಟು ಸದ್ದು ಮಾಡಬಲ್ಲದೆಂದು ನನಗೆ ಅವತ್ತೇ ತಿಳಿದದ್ದು.

"ಒಂದು ಅಕ್ಷರ ಬರೀಲಿಲ್ಲ," ಎಂದರು ಸರ್. "ಇಷ್ಟು ಜನ ಉಸಿರು ಹಿಡಿದುಕೊಂಡು ನಾನು ಬರೀತೀನಾ ಅಂತ ಕಾಯ್ತಾ ಇದ್ರೆ ಯಾವನು ಬರೀತಾನೆ? ಹಾಡಿ. ದಯವಿಟ್ಟು ಜೋರಾಗಿ ಹಾಡಿ."

ಎಲ್ಲರೂ ನಿಂಗವ್ವಾಯಿಯ ಕಡೆ ನೋಡಿದರು. ಅವಳು ಸೆರಗಿನ ಗಂಟು ಬಿಚ್ಚಿ ಬಳೆಗಳನ್ನು ಝಲ್ಲನೆ ಕೆಳಗೆ ಬಿಟ್ಟಳು. ಆಮೇಲೆ ಎದ್ದ ಹಾಡು ಮಲಪ್ರಭೆಯ ಆಚೆ ದಡಕ್ಕೂ ಕೇಳಿರಬೇಕು. ಕಂಬಳಿ ಕಳಚಿದ ಡೊಳ್ಳು ಶುರುವಾಯಿತು. ಸರ್ ಒಳಗೆ ಹೋದರು. ಹೊರಗೆ ಎರೆದು, ಉಡಿಸಿ, ಬಾಸಿಂಗ ಕಟ್ಟುವ ಹೊತ್ತಿಗೆ ಅವರು ಹಾಳೆಗಳ ಕಟ್ಟು ಹಿಡಿದು ಬಂದು ನನ್ನ ಮುಂದೆ ಆಡಿಸಿ, "ವಾದದಲ್ಲಿ ನಾನೇ ಗೆದ್ದದ್ದು, ಅದು ಮಾತ್ರ ಮರೀಬೇಡಿ," ಎಂದರು.

ಮದುವೆಗೆ ನಾವು ಮೂವರೂ ಟೆಂಪೋದಲ್ಲೇ ಹೋದೆವು. ಸರ್ ತಲೆಗೆ ನಿಂಗವ್ವಾಯಿ ರುಮಾಲು ಸುತ್ತಿಸಿ, ಗಂಡಿನ ಕಡೆಯ ಹಿರಿಯರೆಂದು ಮುಂದಿನ ಸೀಟಿನಲ್ಲಿ ಕೂರಿಸಿದ್ದಳು. ಅಕ್ಷತೆ ಬಿತ್ತು. ಯಲ್ಲಪ್ಪನ ಹೆಂಡತಿ ಗಂಡನಿಗೆ ಎಲ್ಲರೆದುರು ಹೋಳಿಗೆ ಬಡಿಸಿ, "ಘ್ಯಾ, ಖಾ," ತಗೊಳ್ಳಿ, ತಿನ್ನಿ ಎಂದು ಮರಾಠಿಯಲ್ಲೇ ಹೇಳಿದಳು. ಜಗಳಕ್ಕೆ ಬಂದ ಭಾಷೆಯಲ್ಲೇ ರಾಜಿಯೂ ಆಯಿತು. ಜಗಳಕ್ಕೊಂದು, ರಾಜಿಗೊಂದು ಭಾಷೆ ಎಂಬ ನನ್ನ ಸಿದ್ಧಾಂತ ಬಿದ್ದುಹೋಯಿತು, ಪ್ರಬಂಧ ಚೆನ್ನಾಗಿ ಬಂತು. ಕಲ್ಲಪ್ಪಣ್ಣ ಸಂಸ್ಥೆಯವರಿಗೆ "ಜಾನಪದ ಕಾರ್ಯಕ್ರಮ ಜರುಗಿತು" ಎಂದು ತಿಳಿಸಿದ. ಪ್ರತಿವರ್ಷ ಇಂಥದ್ದು ಆಗಲಿ ಎಂದು ಅವರು ಉತ್ತರಿಸಿದರಂತೆ.

ಇಷ್ಟು ನೆನೆಯುತ್ತ ಕುಳಿತಿದ್ದಾಗ ಇವತ್ತು ಫೋನು ಬಂತು. ನಿಂಗವ್ವಾಯಿ.

"ತಂಗಿ, ನಮ್ಮ ಸಣ್ಣ ಹುಡುಗಂದೂ ಲಗ್ನ ಕೂಡಿ ಬಂದೈತಿ. ಹೆಣ್ಣು ಅದ ಊರಾಗಿನ್ದು. ಆಯ್ತಾರ ಮಾತುಕತಿ. ನೀ ಬರಬೇಕು."

"ಸೋತಾಕಿನ್ನ ಯಾಕ ಕರೀತೀರಿ, ದೊಡ್ಡವ್ವಾ?"

"ಗೆದ್ದವರಿಗೂ ಹೇಳೇನಿ. ಮೈಸೂರಿಂದ ಹೊಂಟಾರ." ಅದರ ಬೆನ್ನಿಗೇ ಸೇರಿಸಿದಳು, "ಇಬ್ಬರೂ ಕೂಡಿ ಮಾತು ಮುರೀಬ್ಯಾಡ್ರಿ ಮತ್ತ."

ನಾನು ಬರುತ್ತೇನೆ ಎಂದೆ. ವರದಕ್ಷಿಣೆಯ ಮಾತೇನಾದರೂ ಎತ್ತಿದರೆ ಎದ್ದು ನಿಲ್ಲುತ್ತೇನೆ ಎಂದೂ ಹೇಳಿದೆ. ಎತ್ತುವವರನ್ನು ತಾನೇ ಎಬ್ಬಿಸಿ ಕಳಿಸುತ್ತೇನೆ, ನೀನು ಕುಳಿತೇ ಇರು ಎಂದಳು. ಫೋನು ಇಟ್ಟ ಮೇಲೆ ಯಾರ ಪರ ಮಾತಾಡುವುದೆಂದು ಯೋಚಿಸಿದೆ. ಗಂಡೂ ಹೆಣ್ಣೂ ಒಬ್ಬರನ್ನೊಬ್ಬರು ಮೆಚ್ಚಿದ್ದರೆ ಇಬ್ಬರ ಪರವಾಗಿಯೂ ಮಾತಾಡಬಹುದಲ್ಲ ಎನ್ನಿಸಿತು. ಇಂಥ ಮೂರನೆಯ ಪಕ್ಷ ಇರಬಹುದೆಂದು ಯಾವ ಸ್ಪರ್ಧೆಯೂ ನನಗೆ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಸರ್ ಫೋನು.

"ನಾನು ಹೆಣ್ಣಿನ ಕಡೆ ಕೂರೋದು ಅಂತ ತೀರ್ಮಾನ ಮಾಡಿದ್ದೀನಿ. ನೀವು ಗಂಡಿನ ಕಡೆ ಇರಿ. ಇನ್ನೊಂದು ಮಾತು. ಈ ಸಲ ನಾನು ಗೆದ್ದರೆ ಯಾರೂ ಟೆಂಪೋ ತಿರುಗಿಸಕೂಡದು ಅಂತ ಅವರಿಗೆ ಮೊದಲೇ ಹೇಳಿಬಿಡಿ."