ಸೆಲ್ವರಾಜನ ಮಾತು, ಕೊಳವೆಬಾವಿಯ ನೀರು

ನಾನು ನಿವೃತ್ತಳಾಗುವ ಹಿಂದಿನ ವರ್ಷದ ಮಾತು. ಆಗ ಮಡಿಕೇರಿಯ ಒಂದು ಪ್ರಯೋಗಾಲಯದಲ್ಲಿ ಮಣ್ಣು ಮತ್ತು ಗಿಡಗಳ ಪರೀಕ್ಷೆಯ ವಿಭಾಗ ನನ್ನ ಕೈಯಲ್ಲಿತ್ತು. ಗಿಡ ನೀರನ್ನು ಹೇಗೆ ಹೀರುತ್ತದೆ, ಸಿಗದಿದ್ದಾಗ ಹೇಗೆ ತಾಳಿಕೊಳ್ಳುತ್ತದೆ ಎಂಬುದೇ ನಾನು ಓದಿದ ವಿಷಯ. ಆ ವರ್ಷ ಮಾರ್ಚ್ ಕಳೆದರೂ ಹೂಮಳೆ ಬೀಳಲಿಲ್ಲ. ಕಾಫಿಯ ಮೊಗ್ಗು ಅರಳಲು ಬೇಸಿಗೆಯಲ್ಲಿ ಬೇಕಾಗುವ ಆ ಒಂದೆರಡು ಮಳೆ ತಪ್ಪಿದರೆ ಬೆಳೆಗಾರರು ಸ್ಪ್ರಿಂಕ್ಲರ್ ಹೂಡಿ ನೀರು ಹಾರಿಸುತ್ತಾರೆ. ಕೆರೆಯಲ್ಲಿ ನೀರಿದ್ದವರು ಹಾರಿಸಿದರು. ಇಲ್ಲದವರು ಆಕಾಶ ನೋಡುತ್ತ ಕುಳಿತರು.

ಏಪ್ರಿಲ್ ನಡುವಿನಲ್ಲಿ ಕಾವೇರಮ್ಮ ಎಂಬುವವರು ಒಂದು ಪ್ಲಾಸ್ಟಿಕ್ ಚೀಲದ ತುಂಬ ಒಣಗಿದ ಕಾಫಿ ಎಲೆ ಹಿಡಿದು ಬಂದರು. ಸುಂಟಿಕೊಪ್ಪದಿಂದ ಕುಶಾಲನಗರದ ಕಡೆ ಇಳಿಯುವಾಗ ಸಿಗುವ ಒಂದು ರೊಬಸ್ಟಾ ಕಾಫಿ ತೋಟದ ಒಡತಿ. ಹಿಂದಿನ ಮಳೆಗಾಲದಲ್ಲಿ ಅವರ ಯಜಮಾನರು ಹೃದಯಾಘಾತದಿಂದ ತೀರಿಕೊಂಡಿದ್ದರು. ಜೊತೆಗೆ ತೋಟದ ಆಳುಕಾಳು ನೋಡಿಕೊಳ್ಳುವ ರೈಟರ್ ಪೂವಯ್ಯ ಇದ್ದರು. ಮಾತಾಡಿದ್ದೆಲ್ಲ ಪೂವಯ್ಯನವರೇ. ಕಾವೇರಮ್ಮ ಮೇಜಿನ ಅಂಚನ್ನು ನೋಡುತ್ತ ಕುಳಿತಿದ್ದರು.

ಪೂವಯ್ಯ ಹೇಳಿದ್ದು ಇಷ್ಟು. ತೋಟದ ಕೆಳಭಾಗದ ಎಂಟು ಎಕರೆಯಲ್ಲಿ ಕಾಫಿ ಸುಟ್ಟ ಹಾಗೆ ಒಣಗುತ್ತಿದೆ. ಅಲ್ಲಿ ಪಂಪು ಓಡಿಸಿ ಸ್ಪ್ರಿಂಕ್ಲರ್ ಹಾಕುವವನು ಸೆಲ್ವರಾಜ್, ಅದೇ ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದವನು. ಫೆಬ್ರವರಿಯಲ್ಲಿ ಅವನ ಹೆಂಡತಿ ಕೇಳದೆ ತೋಟದ ಸೌದೆ ಹೊತ್ತಳೆಂದು ಪೂವಯ್ಯ ಹೊರೆಯನ್ನು ಕಿತ್ತುಕೊಂಡಿದ್ದರು. ಆಗ ಸೆಲ್ವರಾಜ್ ಎಲ್ಲರ ಎದುರಿಗೆ, ಈ ತೋಟ ಒಣಗಿ ಹೋಗಲಿ ಎಂದು ಬೈದಿದ್ದ. ಈಗ ಪಂಪ್‌ಹೌಸಿನ ಹಿಂದೆ ಕಳೆನಾಶಕದ ಖಾಲಿ ಕ್ಯಾನು ಸಿಕ್ಕಿದೆ. ಅವನು ನೀರಿಗೆ ಅದನ್ನು ಬೆರೆಸಿದ್ದಾನೆ. ನೀವು ಹಾಗೆಂದು ಬರೆದುಕೊಟ್ಟರೆ ಪೊಲೀಸ್ ಸ್ಟೇಷನ್ನಿಗೆ ಕೊಡುತ್ತೇವೆ.

"ನಿಮಗೂ ಹಾಗೇ ಅನಿಸ್ತದಾ?" ಎಂದು ಕಾವೇರಮ್ಮನವರನ್ನು ಕೇಳಿದೆ.

"ನನಗೆ ಏನೂ ಅನಿಸೋದಿಲ್ಲ ಮೇಡಂ. ನೀವು ನೋಡಿ ಹೇಳಿ" ಎಂದರು.

ಚೀಲದ ಎಲೆ ನೋಡಿ ತೀರ್ಪು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮರುದಿನ ತೋಟಕ್ಕೆ ಹೋದೆ. ಬಿಸಿಲಿಗೆ ಸಿಲ್ವರ್ ಓಕ್ ಮರಗಳ ಎಲೆ ಉದುರಿ ನೆರಳು ತೆಳುವಾಗಿತ್ತು. ಕಾಫಿ ಗಿಡಗಳಲ್ಲಿ ಹಳೆಯ ಎಲೆಗಳು ತುದಿಯಿಂದ, ಅಂಚಿನಿಂದ ಒಳಮುಖವಾಗಿ ಕಂದಾಗಿದ್ದವು. ಚಿಗುರು ಮಾತ್ರ ಸಣ್ಣದಾಗಿ, ಮಂಕಾಗಿ ಉಳಿದಿತ್ತು. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಸುಟ್ಟಿತ್ತು. ಆದರೆ ನೀರು ಚಿಮ್ಮುವಷ್ಟು ಎತ್ತರಕ್ಕೆ ಮಾತ್ರ. ಅದರಿಂದ ಮೇಲೆ ಬಳ್ಳಿ ಹಸಿರಾಗಿಯೇ ಇತ್ತು. ನೀರಿನಲ್ಲಿ ಏನೋ ಇದೆ ಎಂಬ ಪೂವಯ್ಯನವರ ಮಾತು ಅಲ್ಲಿಯವರೆಗೆ ಸರಿಯೇ.

ಕೆಳಗೆ ನೋಡಿದೆ. ಕಾಫಿ ಸಾಲುಗಳ ನಡುವೆ ಗರಿಕೆ ಚೆನ್ನಾಗಿ ಹಬ್ಬಿತ್ತು. ಹುಲ್ಲನ್ನು ಕೊಲ್ಲಲೆಂದೇ ಮಾಡಿದ ಔಷಧ ಆ ನೀರಿನಲ್ಲಿದ್ದಿದ್ದರೆ ಮೊದಲು ಸಾಯಬೇಕಾದದ್ದು ಗರಿಕೆ. ಅದು ಬದುಕಿ ಕಾಫಿ ಸಾಯುತ್ತಿದೆ. ಎಲೆಗಳ ಮೇಲೆ ಬೆರಳಾಡಿಸಿದಾಗ ಬಿಳಿ ಪುಡಿ ಅಂಟಿತು. ಪಂಪ್‌ಹೌಸಿನ ಪೈಪಿನ ಜಾಯಿಂಟುಗಳ ಸುತ್ತಲೂ ಅದೇ ಬಿಳಿ ಕಟ್ಟಿತ್ತು.

ನೀರು ಎಲ್ಲಿಯದು ಎಂದು ಕೇಳಿದೆ. ಪ್ರತಿ ವರ್ಷ ಕೆರೆಯದು, ಈ ವರ್ಷ ಕೆರೆ ಒಣಗಿದ್ದರಿಂದ ಬೋರಿನದು ಎಂದರು ಪೂವಯ್ಯ. ಆ ಕೊಳವೆಬಾವಿಯನ್ನು ಹಿಂದಿನ ಬೇಸಿಗೆಯ ಕೊನೆಯಲ್ಲಿ ಯಜಮಾನರು ನಿಂತು ಕೊರೆಸಿದ್ದರು. ಅಷ್ಟರಲ್ಲಿ ಮಳೆ ಹಿಡಿದಿದ್ದರಿಂದ ಆಗ ಬಳಸಲಿಲ್ಲ. ಆಮೇಲೆ ಅವರೇ ಹೋದರು.

ಸೆಲ್ವರಾಜ್ ಪಂಪ್‌ಹೌಸಿನ ಬಾಗಿಲಲ್ಲಿ ನಿಂತಿದ್ದ. ನಲವತ್ತೈದರ ಆಸುಪಾಸಿನ ವಯಸ್ಸು. ಕೇಳಿದ್ದಕ್ಕೆಲ್ಲ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟ. ಕ್ಯಾನು ಕೆರೆಯ ಪಂಪು ಶುರು ಮಾಡುವ ಮೊದಲು ಅದಕ್ಕೆ ನೀರು ತುಂಬಲು ಇಟ್ಟುಕೊಂಡದ್ದು. ಎಲೆ ಸುಡಲು ಶುರುವಾದ ಮೇಲೆ ಬಿಸಿಲಿನ ಜಳವೆಂದುಕೊಂಡು ರೈಟರ್ ಇನ್ನೂ ಹೆಚ್ಚು ನೀರು ಹಾಕಲು ಹೇಳಿದ್ದರು, ಹಾಕಿದ್ದ. ಹಾಕಿದಷ್ಟೂ ಸುಟ್ಟಿತು.

ನೀರು, ಮಣ್ಣು, ಎಲೆ ಮೂರನ್ನೂ ತಂದು ಪರೀಕ್ಷಿಸಿದೆವು. ಕಳೆನಾಶಕದ ಸುಳಿವಿರಲಿಲ್ಲ. ಇದ್ದದ್ದು ಉಪ್ಪು. ಅಡುಗೆಮನೆಯ ಉಪ್ಪಿನಲ್ಲಿರುವ ಸೋಡಿಯಂ, ಕ್ಲೋರೈಡ್‌ಗಳೇ. ಕೊಡಗಿನ ಮಣ್ಣಿಗೆ ಉಪ್ಪಿನ ರೋಗ ಎಂದರೆ ನಗುವವರೇ ಹೆಚ್ಚು. ಇಲ್ಲಿನ ಮಳೆ ಎಲ್ಲವನ್ನೂ ತೊಳೆದುಬಿಡುತ್ತದೆ. ಆದರೆ ಆಳದ ಬಂಡೆಯ ಸಂದಿಯ ನೀರು ಮಳೆಯ ನೀರಲ್ಲ. ಅದು ಎಲ್ಲ ಕಡೆ ಒಂದೇ ರೀತಿ ಇರುವುದೂ ಇಲ್ಲ. ಅವರಿಗೆ ಸಿಕ್ಕಿದ್ದು ಉಪ್ಪುನೀರಿನ ಸಂದಿ.

ಇಲ್ಲಿ ಸ್ವಲ್ಪ ವಿವರಿಸಬೇಕು. ಮಣ್ಣು ಒಣಗಿದಾಗ ಬೇರಿನಿಂದ ಅಬ್ಸಿಸಿಕ್ ಆಮ್ಲ ಎಂಬ ಸಂದೇಶ ಎಲೆಗೆ ಹೋಗುತ್ತದೆ. ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಬೆಳೆಯುವುದನ್ನು ನಿಲ್ಲಿಸಿ ಇದ್ದ ನೀರನ್ನು ಉಳಿಸಿಕೊಳ್ಳುತ್ತದೆ. ಮಣ್ಣಿನಲ್ಲಿ ಉಪ್ಪು ಹೆಚ್ಚಾದಾಗಲೂ ಮೊದಲು ಆಗುವುದು ಇದೇ. ನೀರು ಕಾಲಬುಡದಲ್ಲೇ ಇರುತ್ತದೆ, ಆದರೆ ಉಪ್ಪು ಅದನ್ನು ಹಿಡಿದುಕೊಂಡಿರುವುದರಿಂದ ಬೇರು ಎಳೆದುಕೊಳ್ಳಲಾರದು. ಹಾಗಾಗಿ ಉಪ್ಪು ತಗುಲಿದ ಗಿಡ ಬಾಯಾರಿದ ಗಿಡದಂತೆಯೇ ಕಾಣುತ್ತದೆ. ನಾವು ಮತ್ತೆ ಅದೇ ನೀರು ಹಾಕುತ್ತೇವೆ. ನೀರು ಆವಿಯಾಗುತ್ತದೆ, ಉಪ್ಪು ಎಲೆಯಂಚಿನಲ್ಲಿ ಉಳಿಯುತ್ತದೆ. ಆಗ ಗಿಡ ಉಪ್ಪನ್ನೆಲ್ಲ ಹಳೆಯ ಎಲೆಗಳಿಗೆ ತುಂಬಿ ಅವನ್ನು ಉದುರಿಸಿ ಚಿಗುರನ್ನು ಕಾಯಲು ನೋಡುತ್ತದೆ. ಕಾಫಿಗೆ ಈ ವಿದ್ಯೆ ಅಷ್ಟಕ್ಕಷ್ಟೆ. ಗರಿಕೆ ಮಾತ್ರ ಒಳಗೆ ಬಂದ ಉಪ್ಪನ್ನು ಎಲೆಯಿಂದಲೇ ಹೊರಹಾಕಬಲ್ಲದು.

ವರದಿಯನ್ನು ಅಂಚೆಗೆ ಹಾಕದೆ ನಾನೇ ತೆಗೆದುಕೊಂಡು ಹೋದೆ. ಕಾವೇರಮ್ಮ ಜಗಲಿಯಲ್ಲಿ ಕುಳಿತು ಕೇಳಿದರು. ಗೋಡೆಯ ಮೇಲೆ ಯಜಮಾನರ ಫೋಟೋ, ಅದಕ್ಕೆ ಒಣಗಿದ ಹಾರ. ನಾನು ಮುಗಿಸಿದ ಮೇಲೆ ಆ ಫೋಟೋದ ಕಡೆ ನೋಡಿದರು.

"ಅವರು ಕಡೆಗೆ ಮಾಡಿದ ಕೆಲಸ ಆ ಬೋರು. ನೀರು ಬಂದ ದಿನ ನನ್ನನ್ನೂ ಕರಕೊಂಡು ಹೋಗಿ ತೋರಿಸಿದ್ರು" ಎಂದರು. ಆಮೇಲೆ ಕೇಳಿದರು, "ಬೇರೆ ಏನಾದ್ರೂ ಬರೀಲಿಕ್ಕೆ ಆಗ್ತದಾ ಮೇಡಂ?"

ಅವರು ಸುಳ್ಳು ಬರೆಸಲು ಬಂದವರಂತೆ ಕೇಳಲಿಲ್ಲ. ಅಂಗಡಿಯಲ್ಲಿ ಬೇರೆ ಬಣ್ಣ ಉಂಟಾ ಎಂದು ಕೇಳುವಷ್ಟು ಸಪ್ಪೆಯಾಗಿ ಕೇಳಿದರು. ಆಗುವುದಿಲ್ಲ ಎಂದೆ. ಬರೆದರೆ ಒಬ್ಬ ಮನುಷ್ಯ ಜೈಲಿಗೆ ಹೋಗುತ್ತಾನೆ ಎಂದೆ. ತಲೆಯಾಡಿಸಿದರು. ನಂತರ ಪೂವಯ್ಯನವರಿಗೆ ಹೇಳಿ ಸೆಲ್ವರಾಜನನ್ನು ಕರೆಸಿದರು.

ಅವನು ಮೆಟ್ಟಿಲ ಕೆಳಗೆ ನಿಂತ. ಕಾವೇರಮ್ಮನೇ ಹೇಳಿದರು: "ನೀನೇನೂ ಮಾಡ್ಲಿಲ್ಲ ಸೆಲ್ವ. ಬೋರಿನ ನೀರಲ್ಲೇ ಉಪ್ಪಿತ್ತಂತೆ. ಇನ್ನು ಯಾರೂ ನಿನ್ನನ್ನು ಕೇಳೋದಿಲ್ಲ."

ಅವನ ಮುಖ ಸಡಿಲವಾಗುತ್ತದೆ ಎಂದು ನಾನು ಕಾದೆ. ಆಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದ: "ನಾನು ಬೈದದ್ದು ನಿಜ ಮೇಡಂ. ಬೈದ ಮೇಲೇ ಒಣಗಿತು. ಅದಕ್ಕೆ ನಿಮ್ಮ ಮೆಷಿನು ಏನು ಹೇಳ್ತದೆ?"

ಮಾತಿನಿಂದ ಗಿಡ ಒಣಗುವುದಿಲ್ಲ ಎಂದೆ. ಅವನು ಒಪ್ಪಿದಂತೆ ಕಾಣಲಿಲ್ಲ. "ನೀರು ಬಿಟ್ಟದ್ದೂ ನನ್ನ ಕೈಯೇ ಅಲ್ವಾ" ಎಂದ. ಪೂವಯ್ಯ ಅಂಗಳದ ಕಡೆ ಮುಖ ಮಾಡಿ ನಿಂತಿದ್ದರು. ಕಾಫಿ ಕುಡಿದು ಹೋಗಿ ಎಂದರು ಕಾವೇರಮ್ಮ, ಕುಡಿದೆ. ವಾಪಸು ಬರುವಾಗ ಜೀಪಿನಲ್ಲಿ ನನಗೆ ಸಮಾಧಾನವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಸುಂಟಿಕೊಪ್ಪದಲ್ಲಿ ಇಳಿದು ಮನೆಗೆ ತರಕಾರಿ ಕೊಂಡದ್ದು ನೆನಪಿದೆ.

ಕೊಳವೆಬಾವಿಯನ್ನು ಮುಚ್ಚಿಸಿದರು. ಆ ವರ್ಷದ ಮಳೆ ತಡವಾಗಿ ಬಂದರೂ ಜೋರಾಗಿಯೇ ಸುರಿದು ಮಣ್ಣಿನ ಉಪ್ಪನ್ನು ಕೆಳಗೆ ತೊಳೆದುಕೊಂಡು ಹೋಯಿತು. ಬುಡದಿಂದ ಕತ್ತರಿಸಿ ಬಿಟ್ಟ ಗಿಡಗಳಲ್ಲಿ ಹೆಚ್ಚಿನವು ಚಿಗುರಿದವು. ಚಿಗುರದವನ್ನು ಕಿತ್ತು ಹೊಸ ಸಸಿ ನೆಟ್ಟರು. ಸೆಲ್ವರಾಜ್ ತೋಟ ಬಿಡಲಿಲ್ಲ, ಆದರೆ ಪಂಪಿನ ಕೆಲಸ ಬೇಡ ಎಂದನಂತೆ. ಮುಂದಿನ ವರ್ಷ ಮಣ್ಣು ನೋಡಲು ಹೋದಾಗ ಅವನು ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಮಾಡುತ್ತ ಏಣಿಯ ಮೇಲಿದ್ದ. ಕೈಯೆತ್ತಿ ನಮಸ್ಕಾರ ಮಾಡಿದ. ಹತ್ತಿರದಲ್ಲಿ ಬೇರೆ ಯಾರೋ ಕೆರೆಯ ನೀರಿನ ಸ್ಪ್ರಿಂಕ್ಲರ್ ತಿರುಗಿಸುತ್ತಿದ್ದರು. ಕಾವೇರಮ್ಮ ಸಿಗಲಿಲ್ಲ.

ಬೆಳೆಗಾರರ ತರಬೇತಿಗಳಲ್ಲಿ ನಾನು ಈ ಪ್ರಸಂಗವನ್ನು ಹೆಸರಿಲ್ಲದೆ ಹೇಳುತ್ತಿದ್ದೆ: ಒಣಗಿದ ಗಿಡಕ್ಕೆ ನೀರು ಹಾಕುವ ಮೊದಲು ನೀರನ್ನು ಪರೀಕ್ಷೆ ಮಾಡಿಸಿ. ಅದು ಗಿಡದ ಪಾಠ, ಎಲ್ಲರೂ ಬರೆದುಕೊಳ್ಳುತ್ತಿದ್ದರು. ಇನ್ನೊಂದನ್ನು ಯಾರಿಗೂ ಹೇಳಲಿಲ್ಲ. ಕಾರಣ ಸಿಕ್ಕಿದರೆ ಜನರಿಗೆ ನೆಮ್ಮದಿಯಾಗುತ್ತದೆ ಎಂದು ವೃತ್ತಿಯುದ್ದಕ್ಕೂ ನಂಬಿದ್ದೆ. ಆ ಜಗಲಿಯಲ್ಲಿದ್ದ ಮೂವರಲ್ಲಿ ಒಬ್ಬರಿಗೂ ಆಗಲಿಲ್ಲ. ಆದರೂ ಆ ವರದಿಯಲ್ಲಿ ಒಂದು ಅಕ್ಷರ ಬದಲಿಸಿದ್ದರೂ ಸೆಲ್ವರಾಜ್ ಅಂದು ಏಣಿಯ ಮೇಲೆ ಇರುತ್ತಿರಲಿಲ್ಲ. ನನ್ನ ಕೆಲಸ ಅಷ್ಟನ್ನು ಮಾತ್ರ ಮಾಡಬಲ್ಲದು ಎಂದು ನಿವೃತ್ತಿಯ ಹೊಸ್ತಿಲಲ್ಲಿ ತಿಳಿಯಿತು.