ಝೆನ್ ಹೋಗಿ ಜೈನ್ ಆದದ್ದು

೧೯೭೮ನೇ ಇಸವಿ. ಆಗ ನಾನು ಮಾನ್ವಿಯ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಹೆಂಡತಿ ಗಿರಿಜಾ ರಾಯಚೂರಿನಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಕೂಸು ಉಳಿಯಿತು, ಹೆಣ್ಣು. ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ದೇವದುರ್ಗಕ್ಕೆ ಒಯ್ದರು. ನಾನು ಅದರ ಮುಖ ಕೂಡ ನೋಡಲಿಲ್ಲ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ನನಗೆ ಆ ಕೂಸಿನ ಮೇಲೆ ಸಿಟ್ಟಿತ್ತು. ಅದು ಬಂದದ್ದಕ್ಕೇ ಇವಳು ಹೋದಳು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ತೊಟ್ಟಿಲಿಗೆ ಹಾಕುವ ದಿನ ಬರಬೇಕೆಂದು ಕಾಗದ ಬಂತು. ರಜೆ ಸಿಗಲಿಲ್ಲ ಎಂದು ಸುಳ್ಳು ಬರೆದೆ.

ಆ ದಿನಗಳಲ್ಲೇ ಒಮ್ಮೆ ರಾಯಚೂರಿನಲ್ಲಿ, ರಸ್ತೆ ಬದಿ ಹಳೆ ಪುಸ್ತಕ ಹರಡಿಕೊಂಡು ಕುಳಿತವನ ಹತ್ತಿರ ಒಂದು ಪುಸ್ತಕ ಕೊಂಡೆ. ರಟ್ಟು ಹರಿದುಹೋಗಿತ್ತು, ಬರೆದವರು ಯಾರೋ ತಿಳಿಯಲಿಲ್ಲ. ಜಪಾನಿನ ಝೆನ್ ಧ್ಯಾನದ ವಿಷಯ. ಗೋಡೆಗೆ ಮುಖ ಮಾಡಿ ಕುಳಿತು ಉಸಿರು ಎಣಿಸಿದರೆ ಮನಸ್ಸು ಖಾಲಿಯಾಗುತ್ತದೆ ಎಂದಿತ್ತು. ನನಗೆ ಬೇಕಾಗಿದ್ದೂ ಅದೇ. ಮುಂದಿನ ಪುಟಗಳಲ್ಲಿ ಕಸ ಗುಡಿಸುವುದು, ಅಕ್ಕಿ ತೊಳೆಯುವುದು, ಪಾತ್ರೆ ತಿಕ್ಕುವುದು ಕೂಡ ಧ್ಯಾನವೇ ಎಂದು ಬರೆದಿದ್ದರು. ಪಾತ್ರೆ ತಿಕ್ಕುವುದನ್ನು ಜಪಾನಿನವರು ಬಂದು ಹೇಳಿಕೊಡಬೇಕೇ ಎಂದುಕೊಂಡು ಆ ಪುಟಗಳನ್ನು ಹಾರಿಸಿದೆ.

ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ ಗೋಡೆಯ ಮುಂದೆ ಕೂಡತೊಡಗಿದೆ. ಬರಬರುತ್ತ ಅಡಿಗೆ ಮಾಡುವುದನ್ನೂ ಬಿಟ್ಟೆ. ಒಂದು ಹಿಡಿ ಮಂಡಕ್ಕಿ ತಿಂದು ನೀರು ಕುಡಿದರೆ ಆಯಿತು. ಮನಸ್ಸೇನೂ ಖಾಲಿಯಾಗಲಿಲ್ಲ. ಹತ್ತು ಉಸಿರು ಎಣಿಸುವಷ್ಟರಲ್ಲಿ ಗಿರಿಜಾಳನ್ನು ಹೆರಿಗೆಗೆ ಒಳಗೆ ಒಯ್ದ ಆಸ್ಪತ್ರೆಯ ಆ ಹಸಿರು ಬಾಗಿಲು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ಪಕ್ಕದ ಮನೆಯ ಖಾಜಾಬಿ ಸಂತೆಯಲ್ಲಿ ಬಳೆ ಮಾರುವವರು. ಒಂದು ದಿನ ರೊಟ್ಟಿ ಕೊಡಲು ಬಂದವರು ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು.

"ಏನ್ ಮಾಡಾಕತ್ತೀರಿ ಮಾಸ್ತರ್ರ? ಗ್ವಾಡಿಯಾಗ ಏನೈತ್ರಿ ಅಂಥಾದ್ದು?"

"ಝೆನ್ ಧ್ಯಾನ್ರಿ" ಎಂದೆ, ತಿರುಗಿ ಕೂಡ ನೋಡದೆ.

"ಜೈನ್ ಏನ್ರಿ?"

ಹ್ಞೂಂ ಅಂದುಬಿಟ್ಟೆ. ಬಿಡಿಸಿ ಹೇಳುವ ಉಸಾಬರಿ ಯಾರಿಗೆ ಬೇಕಿತ್ತು?

ಜೈನ ಸನ್ಯಾಸಿಗಳು ಬರಿಗಾಲಲ್ಲಿ ನಡೆಯುತ್ತಾರೆ, ತಲೆಗೂದಲನ್ನು ಕೈಯಿಂದಲೇ ಕೀಳುತ್ತಾರೆ, ಕೊನೆಗೆ ಅನ್ನ ನೀರು ಬಿಟ್ಟು ಪ್ರಾಣ ಬಿಡುತ್ತಾರೆ. ನಮ್ಮ ಓಣಿಯ ಜನಕ್ಕೆ ಗೊತ್ತಿದ್ದದ್ದು ಇಷ್ಟೇ. ತಾವು ಕೊಟ್ಟ ರೊಟ್ಟಿಯನ್ನು ನಾನು ಮುಟ್ಟದೆ ಒಣಗಿಸಿದ್ದನ್ನೂ ಖಾಜಾಬಿ ಕಂಡಿದ್ದರು. ಅವರ ಅಕ್ಕನ ಮನೆ ದೇವದುರ್ಗದಲ್ಲಿ. ಎಂಟು ದಿನದಲ್ಲಿ ಸುದ್ದಿ ಅಲ್ಲಿಗೆ ಮುಟ್ಟಿತು.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಳಿದು ಬಂದರು. ಅದಕ್ಕೆ ಆಗ ಏಳು ತಿಂಗಳು. ಒಳಗೆ ಬಂದವರೇ ನನ್ನ ತಲೆ ನೋಡಿದರು.

"ಕೂದ್ಲಾ ಇನ್ನಾ ಕಿತ್ತಿಲ್ಲೇನ್ರಿ?"

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಹೊಸ್ತಿಲ ಹತ್ತಿರ ಕುಸಿದು ಕುಳಿತು ಅಳತೊಡಗಿದರು.

"ಜೈನರಾಗಿ, ಉಪಾಸ ಬಿದ್ದು ಜೀವಾ ಬಿಡಾಕತ್ತೀರಂತ. ಬ್ಯಾಡ ಅನ್ನಾಕ ನಾ ಯಾರ್ರಿ? ಹಡದ ಮಗಳನ್ನ ಉಳಿಸ್ಕೊಳ್ಳಾಕ ಆಗಲಿಲ್ಲ. ಇದು ಅಪ್ಪನ ಮಕಾ ಒಂದ್ಸಲ ನೋಡ್ಲಿ ಅಂತ ತಂದೀನಿ."

ನಗಬೇಕಾದ ಮಾತು. ಆದರೆ ನಗು ಬರಲಿಲ್ಲ. ಪದವೊಂದು ತಪ್ಪಾಗಿತ್ತೇ ಹೊರತು ಅವರು ತಿಳಿದದ್ದು ತಪ್ಪಾಗಿರಲಿಲ್ಲ. ಸಾಯಬೇಕೆಂದು ನಾನು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಅಷ್ಟೇ.

ಬಿಸಿಲು, ಬಸ್ಸಿನ ಕುಲುಕಾಟ ಸೇರಿ ಅತ್ತೆಗೆ ವಾಂತಿಯಾಯಿತು. ಚಾಪೆಯ ಮೇಲೆ ಬಿದ್ದುಕೊಂಡರು. ಅಷ್ಟರಲ್ಲಿ ಕೂಸು ಹೊಲಸು ಮಾಡಿಕೊಂಡು ಕಿರುಚತೊಡಗಿತು. ನಾನು ಸುಮ್ಮನೆ ನಿಂತಿದ್ದೆ.

"ನೋಡ್ಕೊಂತ ನಿಂತ್ರ ಹೆಂಗ್ರಿ? ತೊಳೀರಿ ಅದನ್ನ" ಎಂದರು ಮಲಗಿದಲ್ಲಿಂದಲೇ.

ಬಚ್ಚಲಿಗೆ ಒಯ್ದೆ. ಹೆಂಗಸರು ಮಾಡುವಂತೆ ಕಾಲು ಚಾಚಿ ಅದರ ಮೇಲೆ ಮಲಗಿಸಿಕೊಂಡೆ. ಸಾಬೂನಿಗೆ ಮೈ ಜಾರುತ್ತಿತ್ತು. ಎಲ್ಲಿ ಕೈತಪ್ಪುತ್ತದೋ ಎಂದು ಜೀವ ಕೈಯಲ್ಲಿ ಹಿಡಿದು ತೊಳೆದೆ. ಒರೆಸಿದೆ. ಅದರ ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದೆ. ಎಷ್ಟೋ ದಿನಗಳ ಮೇಲೆ ಒಲೆ ಹಚ್ಚಿ ಗಂಜಿ ಕಾಯಿಸಿ, ಆರಿಸಿ, ಚಮಚದಲ್ಲಿ ಕುಡಿಸಿದೆ. ಅರ್ಧ ಅದರ ಹೊಟ್ಟೆಗೆ, ಅರ್ಧ ನನ್ನ ಅಂಗಿಗೆ. ಕೂಸು ನಿದ್ದೆ ಹೋದ ಮೇಲೆ ನೆನಪಾಯಿತು: ಇಷ್ಟು ಹೊತ್ತು ಆ ಹಸಿರು ಬಾಗಿಲು ಒಮ್ಮೆಯೂ ಕಣ್ಣಿಗೆ ಬಂದಿರಲಿಲ್ಲ. ಮೂರು ತಿಂಗಳು ಗೋಡೆ ನೋಡಿದರೂ ಸಿಗದದ್ದು ಬಚ್ಚಲಲ್ಲಿ ಸಿಕ್ಕಿತ್ತು. ಆಗಲೇ ಅದರ ಮುಖವನ್ನು ಸರಿಯಾಗಿ ನೋಡಿದ್ದು. ಕೆಳತುಟಿ ಗಿರಿಜಾಳದೇ. ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

"ಹೆಸರೇನು ಇಟ್ಟೀರಿ ಅತ್ತಿ?"

"ನಿಮ್ಮ ಮಗಳ ಹೆಸ್ರು ನನ್ನ ಕೇಳ್ತೀರೇನ್ರಿ?" ಎಂದರು. ಆಮೇಲೆ ಕೂಸಿನ ತಲೆ ಸವರುತ್ತ ತಾವೇ ಹೇಳಿದರು, "ಮಾದೇವಿ."

ಇಲ್ಲೇ ಬಿಟ್ಟು ಹೋಗಿ, ನಾನೇ ಸಾಕುತ್ತೇನೆ ಎಂದು ಬೇಡಿಕೊಂಡೆ. ಅತ್ತೆ ಮನೆಯನ್ನೊಮ್ಮೆ ಸುತ್ತ ನೋಡಿದರು.

"ಇವತ್ತೊಂದಿನ ತೊಳದೀರಿ ಅಳಿಯಾರ. ಕೂಸು ದಿನಾ ಹೊಲಸ ಮಾಡ್ಕೊಂತದ. ನಾಳಿ ನಿಮಗ ಮತ್ತ ಗ್ವಾಡಿ ನೆಪ್ಪಾದ್ರ ಏನ್ ಮಾಡ್ಲಿ?"

ಸಿಟ್ಟಿನಿಂದ ಹೇಳಿದ್ದಲ್ಲ, ಅವರಿಗೆ ಹೆದರಿಕೆಯಿತ್ತು. ಹಗ್ಗದ ಮೇಲೆ ಒಣಗಿದ್ದ ಕೂಸಿನ ಬಟ್ಟೆ ಮಡಚಿ ಅವರ ಕೈಗೆ ಕೊಟ್ಟೆ. ಸಂಜೆ ಬಸ್ಸಿಗೆ ಇಬ್ಬರೂ ಹೋದರು.

ಅಂದಿನಿಂದ ಪ್ರತಿ ಭಾನುವಾರ ದೇವದುರ್ಗಕ್ಕೆ ಹೋಗತೊಡಗಿದೆ. ಅವಳ ಬಟ್ಟೆ ಒಗೆದೆ, ಉಣಿಸಿದೆ, ಕೂದಲಿಗೆ ಎಣ್ಣೆ ಹಚ್ಚಿದೆ. ಆದರೆ ವಾರಕ್ಕಿರುವುದು ಒಂದೇ ಭಾನುವಾರ. ಅವಳು ಮಾತು ಕಲಿತದ್ದು ಸೋದರಮಾವಂದಿರ ನಡುವೆ. ಅವರು ನನ್ನನ್ನು ಭಾವ ಎನ್ನುತ್ತಿದ್ದರು, ಇವಳೂ ಭಾವ ಎಂದಳು. ಮೊದಲ ಸಲ ಹಾಗೆ ಕೂಗಿದಾಗ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ತಿದ್ದಿದೆವು, ಆದರೆ ನಾಲಿಗೆಗೆ ಅದೇ ರೂಢಿಯಾಗಿಬಿಟ್ಟಿತ್ತು. ನಾನೇ ಅಪ್ಪ ಎಂದು ಅವಳಿಗೆ ಚೆನ್ನಾಗಿ ಗೊತ್ತು. ನನಗೆ ಮಾತ್ರ ಪ್ರತಿ ಸಲವೂ ಎದೆಯಲ್ಲಿ ಚುಚ್ಚುತ್ತದೆ.

ಈಗ ಅವಳಿಗೆ ಹತ್ತು ವರ್ಷ. ಕಳೆದ ರಜೆಯಲ್ಲಿ ಮಾನ್ವಿಗೆ ಬಂದಿದ್ದಳು. ಊಟವಾದ ಮೇಲೆ ನಾನು ಅವಳ ತಾಟು ತೊಳೆಯುತ್ತಿದ್ದೆ. ಅವಳು ಬಾಗಿಲಿಗೆ ಒರಗಿ ನಿಂತು ಕೇಳಿದಳು:

"ಭಾವಾ, ನಾ ಸಣ್ಣಕಿದ್ದಾಗ ನೀವು ಎಲ್ಲಿದ್ರಿ?"

"ಇಲ್ಲೇ ಇದ್ನೆವ್ವಾ."

"ಇಲ್ಲೇನ್ ಮಾಡಾಕತ್ತಿದ್ರಿ?"

"ಏನೂ ಇಲ್ಲವ್ವಾ," ಎಂದೆ, "ಸುಮ್ನ ಕುಂತಿದ್ದೆ."