ಬ್ರೆಕ್ಕಾದ ಒಲೆ

ನಮ್ಮ ದ್ವೀಪದಲ್ಲಿ ಮನುಷ್ಯರನ್ನು ಗುರುತಿಸುವುದು ಮನೆಯ ಹೆಸರಿನಿಂದ. ಬ್ರೆಕ್ಕಾ ಮನೆಯ ಸಾಲ್ವೋರ್ ಎಂದರೆ ಹಡಗುಕಟ್ಟೆಯ ನಾಯಿಗೂ ಗೊತ್ತು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಮೀನು ಸೀಳಿದವಳು, ಮೇಸ್ತ್ರಿಯ ಬಾಯನ್ನೇ ಮುಚ್ಚಿಸಿದವಳು. ಗಂಡ ಎಯ್ವಿಂಡುರ್ ದೋಣಿ ಸಮೇತ ಮುಳುಗಿದ, ಹೆಣ ಸಿಗಲಿಲ್ಲ. ಖಾಲಿ ಗೋರಿಯ ಕಲ್ಲಿನ ಮೇಲೆ ‘ಬ್ರೆಕ್ಕಾದ ಎಯ್ವಿಂಡುರ್’ ಎಂದಷ್ಟೇ ಕೆತ್ತಿಸಿದ್ದಳು.

ಆ ಜನವರಿಯಲ್ಲಿ ಊರ ಪಕ್ಕದ ಹುಲ್ಲುಗಾವಲು ಬಿರಿದು ಬೆಂಕಿ ಕಾರಿತು, ಕೆಲವೇ ದಿನಗಳಲ್ಲಿ ಅಲ್ಲೊಂದು ಬೆಟ್ಟವೇ ಎದ್ದಿತು. ಹೆಂಗಸರು ಮಕ್ಕಳೆಲ್ಲ ದೋಣಿ ಹತ್ತಿದರು. ಸಾಲ್ವೋರ್ ಮಾತ್ರ ಬೂದಿ ಎತ್ತುವ ನಮ್ಮಂಥ ಗಂಡಸರ ಜೊತೆ ಉಳಿದಳು. ನಮಗೆ ಮೀನಿನ ಸಾರು ಕಾಯಿಸಿಟ್ಟು ತನ್ನ ಮಾಡು ಹತ್ತಿ ಬೂದಿ ದೂಡುವಳು. ಬೆಳಗಾದರೆ ಮತ್ತೆ ಅಷ್ಟೇ ಬಿದ್ದಿರುತ್ತಿತ್ತು.

“ಸಾಕು ಬಿಡು ಮಾರಾಯ್ತಿ, ಬೆಟ್ಟದ ಜೊತೆ ಜಗಳ ಆಡ್ತೀಯಾ?” ಎಂದೆ.

“ಶುರು ಮಾಡಿದ್ದು ಅದು, ನಾನಲ್ಲ.”

ಮಾರ್ಚಿನಲ್ಲಿ ಲಾವಾ ಬಂತು. ಅವಳನ್ನು ಮಾಡಿನಿಂದ ಎಳೆದು ಇಳಿಸಿದ ಪಾಪಿ ನಾನೇ. ನನ್ನ ಮುಖಕ್ಕೆ ಗುದ್ದಿದಳು, ಒಂದು ಹಲ್ಲು ಹೋಯಿತು. ನಮ್ಮ ಕಣ್ಣೆದುರೇ ಬ್ರೆಕ್ಕಾ ಲಟಲಟ ಮುರಿದು ಕಲ್ಲಿನಡಿ ಸೇರಿತು. ಅವಳು ಅಳಲಿಲ್ಲ. ನಾನು ಅತ್ತೆ, ಹಲ್ಲಿಗಾಗಿ ಅಲ್ಲ.

ಮರುವರ್ಷ ಜನ ಮರಳಿದರು. ಪಡುವಣ ದಂಡೆಯಲ್ಲಿ ಸಾಲುಮನೆಗಳು ಎದ್ದವು. ಅವಕ್ಕೆ ಹೆಸರಿಲ್ಲ, ಬರೀ ನಂಬರು. ರಾಜಧಾನಿಯಿಂದ ಬಂದ ಗುಮಾಸ್ತ ಹಾಲ್ವರ್ದುರ್, ಹೂತುಹೋದ ಮನೆಗಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತ ಕೂತಿದ್ದ. ಬ್ರೆಕ್ಕಾದ ಸರದಿ ಬಂದಾಗ ಸಾಲ್ವೋರ್ ಅವನ ಕೈ ಹಿಡಿದಳು.

“ಸಮುದ್ರ ನನ್ನ ಗಂಡನ್ನ ತಿಂತು. ಬೆಟ್ಟ ಮನೆ ತಿಂತು. ಹೆಸರು ತಿನ್ನೋಕೆ ನೀನ್ಯಾವನು?”

ಹುಡುಗ ಕೆಟ್ಟವನಲ್ಲ, ಆದರೆ ಕಾಗದದ ಮನುಷ್ಯ. “ಒಲೆ ಉರೀದೇ ಇರೋದನ್ನ ಮನೆ ಅಂತ ಬರೆಯೋಕಾಗಲ್ಲಮ್ಮ” ಎಂದ.

“ನಾಡಿದ್ದು ಬರ್ತೀನಿ. ಅಲ್ಲಿವರೆಗೂ ಪೆನ್ನು ಮುಟ್ಟಬೇಡ.”

ನೇರ ಗಂಡನ ಗೋರಿಗೆ ಹೋದಳು. ಲಾವಾ ಅಲ್ಲಿಯವರೆಗೆ ಬಂದಿರಲಿಲ್ಲ. ಅಲ್ಲಿಂದ ಅವಳ ಅಡುಗೆಮನೆಗೆ ಇನ್ನೂರ ಹದಿನಾಲ್ಕು ಹೆಜ್ಜೆ. ಭಾನುವಾರ ಭಾನುವಾರ ನಡೆದ ದಾರಿ. ಲಾವಾದ ಕಲ್ಲುಗಳ ಮೇಲೆ ಎಡವುತ್ತ ಎಣಿಸಿಕೊಂಡು ಹತ್ತಿದಳು, ಹಿಂದೆ ಗುದ್ದಲಿ ಹೊತ್ತು ನಾನು. ಏರಿನಲ್ಲಿ ಲೆಕ್ಕ ಸ್ವಲ್ಪ ಆಚೀಚೆ ಆಗಿರಬಹುದು ಎಂದೆ. ದುರುಗುಟ್ಟಿ ನೋಡಿದಳು. ಇನ್ನೊಂದು ಹಲ್ಲು ಕಳೆದುಕೊಳ್ಳುವ ಮನಸ್ಸಿಲ್ಲದೆ ಗುದ್ದಲಿಯನ್ನು ಹೆಗಲಿಂದ ಇಳಿಸಿದೆ.

ಅವಳು ನಿಂತಲ್ಲಿ ಮೊಳದುದ್ದ ತೋಡಿದೆ. ಲಾವಾದ ಒಡಲು ಇನ್ನೂ ಕಾದೇ ಇತ್ತು, ಬಿಸಿ ಹಬೆ ಮುಖಕ್ಕೆ ರಾಚಿತು. ರೈ ಧಾನ್ಯದ ಹಿಟ್ಟು ಕಲಸಿ ತುಂಬಿದ ತಗಡಿನ ಡಬ್ಬಿಯನ್ನು ಅದರೊಳಗೆ ಇಳಿಸಿ, ಕಲ್ಲು ಮುಚ್ಚಿ, ಒಂದು ದಿನ ಪೂರ್ತಿ ಬಿಟ್ಟಳು.

ಹೇಳಿದ ದಿನ ಬೆಳಿಗ್ಗೆ ಡಬ್ಬಿಯನ್ನು ಗುಮಾಸ್ತನ ಪಟ್ಟಿಯ ಮೇಲೆಯೇ ಕವುಚಿದಳು. ಕಪ್ಪು ರೊಟ್ಟಿ ಇನ್ನೂ ಹಬೆಯಾಡುತ್ತಿತ್ತು. ಕೊಯ್ದು, ತಾನೇ ಬೆಣ್ಣೆ ಹಚ್ಚಿ ಕೊಟ್ಟಳು.

“ಬ್ರೆಕ್ಕಾದ ಒಲೇದು. ತಿನ್ನು. ತಿಂದಾದ ಮೇಲೆ ಹೊಡೆದುಹಾಕು, ನೋಡೋಣ.”

ಹಾಲ್ವರ್ದುರ್ ತಿಂದ. ಎರಡನೆಯ ತುಂಡನ್ನೂ ತಿಂದ. ಕೈ ಒರೆಸಿಕೊಂಡು ಪೆನ್ನು ತೆಗೆದು, ಬಾಯಲ್ಲಿ ಹೇಳಿಕೊಳ್ಳುತ್ತ ಬರೆದ: ಮನೆ, ಬ್ರೆಕ್ಕಾ. ಇರುವವರು, ಒಬ್ಬರು.

“ಇಬ್ಬರು” ಎಂದಳು ಸಾಲ್ವೋರ್. “ಎಯ್ವಿಂಡುರ್ ಕಲ್ಲಿನ ಮೇಲೂ ಬ್ರೆಕ್ಕಾ ಅಂತಲೇ ಇದೆ.”

ಅವನು ತಿದ್ದಿದ.